ದುಗ್ಗಪ್ಪನ ಕಾಣದ ರಿಪೇರಿ

ಉರ್ವ ಮಾರುಕಟ್ಟೆಯ ಹಿಂದೆ, ಮೀನಿನ ಹೆಂಗಸರು ಬುಟ್ಟಿ ಇಳಿಸುವ ಕಟ್ಟೆಗೆ ತಾಗಿಕೊಂಡು, ಹಲಗೆ ಬಾಗಿಲಿನ ಒಂದು ಚಿಕ್ಕ ಅಂಗಡಿಯಿದೆ. ಅಲ್ಲಿ ಕೊಡೆ, ಬೀಗ, ಹೊಲಿಗೆ ಮೆಶಿನು ರಿಪೇರಿ ಮಾಡುವ ದುಗ್ಗಪ್ಪನನ್ನು ಎಲ್ಲರೂ ಬಲ್ಲರು. ಮಳೆಗಾಲಕ್ಕೆ ಮುಂಚೆ ಮುರಿದ ಕೊಡೆ ಎಸೆದು, ನಾಳೆಗೇ ಬೇಕು ಎಂದು ಗದರಿಸಿ ಹೋಗುತ್ತಾರೆ. ಆ ಕೈ ಹತ್ತು ವರ್ಷದ ಹಿಂದೆ ಯಾವ ಕೆಲಸ ಮಾಡುತ್ತಿತ್ತು, ಅದನ್ನು ಯಾಕೆ ಬಿಟ್ಟಿತು ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ನಾಚಿಕೆಪಡಬೇಕಾಗುತ್ತದೆ, ಅದಕ್ಕೆ. ಶಾಲೆಗೆ ಎರಡು ಬೆಂಚು ಕೊಟ್ಟವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿ ಗೋಡೆಗೆ ಹಾಕುವ ಊರು ಇದು. ಒಂದು ನಿಜ ಹೇಳುವುದಕ್ಕೋಸ್ಕರ ತನ್ನ ಅನ್ನ ಬಿಟ್ಟವನಿಗೆ ಇಲ್ಲಿ ಒಂದು ಇಟ್ಟಿಗೆಯೂ ಸಿಕ್ಕಿಲ್ಲ.

ಹದಿನಾರನೆಯ ವಯಸ್ಸಿಗೆ ದುಗ್ಗಪ್ಪ ಹಂಚಿನ ಕಾರ್ಖಾನೆಯ ಯಂತ್ರದ ಶೆಡ್ಡಿಗೆ ಸೇರಿದ. ಅರ ಹಿಡಿಯುವುದು, ಉಕ್ಕಿಗೆ ಹದ ಕೊಡುವುದು, ಕೂದಲೆಳೆಯಷ್ಟು ಸಂದಿಯನ್ನು ಬೆರಳಿನಲ್ಲೇ ಅಳೆಯುವುದು ಅಲ್ಲಿ ಬಂತು. ಮೂವತ್ತಾಗುವಾಗ ಕೆಲಸ ಬಿಟ್ಟು ಬೆಡಿ ರಿಪೇರಿಯ ಲೈಸೆನ್ಸು ಮಾಡಿಸಿದ. ಬೆಡಿ ಎಂದರೆ ನಮ್ಮ ಕಡೆ ಕೋವಿ. ಗದ್ದೆಗೆ ಹಂದಿ ಬೀಳುವ ಊರುಗಳಲ್ಲಿ ಹತ್ತು ಮನೆಗೊಂದು ಬೆಡಿ ಇದ್ದ ಕಾಲ. ಲೈಸೆನ್ಸಿನ ಜೊತೆಗೆ ಪೊಲೀಸರು ಮೊಹರು ಒತ್ತಿದ ಒಂದು ಪುಸ್ತಕವನ್ನೂ ಕೊಡುತ್ತಿದ್ದರು. ಯಾವ ಬೆಡಿ, ಯಾರದ್ದು, ಎಂತ ರಿಪೇರಿ ಎಂದು ಅದರಲ್ಲಿ ಬರೆಯದೆ ಒಂದು ತಿರುಪನ್ನೂ ಮುಟ್ಟುವಂತಿಲ್ಲ.

ದುಗ್ಗಪ್ಪನಿಗೆ ಒಂದು ಹುಚ್ಚಿತ್ತು. ರಿಪೇರಿ ಕಾಣಬಾರದು. ಒಂದೊಂದು ತಿರುಪಿನ ಸೀಳಿಗೂ ಒಂದೊಂದು ತಿರುಪುಳಿಯನ್ನು ಅದರದ್ದೇ ಅಳತೆಗೆ ಅರದಿಂದ ಅರೆದು ಇಟ್ಟುಕೊಂಡಿದ್ದ, ತಲೆಯ ಮೇಲೆ ಗೀರು ಬೀಳಬಾರದೆಂದು. ಹೊಸದಾಗಿ ಹಾಕಿದ ಭಾಗಕ್ಕೆ ಎಣ್ಣೆ ಮತ್ತು ಬೆಂಕಿ ಕೊಟ್ಟು ಹಳೆಯ ನೀಲಿ ಬಣ್ಣ ತರುತ್ತಿದ್ದ. “ರಿಪೇರಿ ಕಂಡ್ರೆ ಅದು ರಿಪೇರಿ ಅಲ್ಲ, ಗಾಯ” ಎನ್ನುತ್ತಿದ್ದ. ಬೇರೆಯವರು ತಮ್ಮ ಕೆಲಸದ ಮೇಲೆ ಹೆಸರೊತ್ತಿದರೆ ಇವನು ತನ್ನ ಗುರುತು ಅಳಿಸುತ್ತಿದ್ದ. ಆ ಹೆಮ್ಮೆಯೇ ಒಂದು ದಿನ ಅವನ ಕುತ್ತಿಗೆಗೆ ಬಂತು.

ಅದು ಸಾವಿರದ ಒಂಬೈನೂರ ಮೂವತ್ತಾರು. ಪಡೀಲಿನ ನೋಣಯ್ಯ ಲಾಕಪ್ಪಿನಲ್ಲಿದ್ದ.

ನೋಣಯ್ಯನದ್ದು ತಾಳೆಮರ ಹತ್ತಿ ಕಳ್ಳು ಇಳಿಸುವ ಕೆಲಸ. ಅವನ ಮನೆಯಲ್ಲಿ ಒಂದು ಅಮೇರಿಕದ ಲಿವರ್ ಬೆಡಿಯಿತ್ತು. ತೋಟೆಗೆ ಬಡಿಯುವ ಕುದುರೆಯ ಕೆಳಗೆ ಒಂದು ಕಬ್ಬಿಣದ ಬಳೆ, ಅದೇ ಲಿವರ್. ಬಳೆಯನ್ನು ಕೆಳಕ್ಕೆ ಎಳೆದರೆ ಖಾಲಿ ತೋಟೆ ಹಾರಿ ಹೊಸದು ಮೇಲೇರುತ್ತದೆ, ಮೇಲಕ್ಕೆ ಒತ್ತಿದರೆ ಟಪ್ಪೆಂದು ಮುಚ್ಚುತ್ತದೆ. ಕಳ್ಳು ಇಳಿಸುವವನ ಮನೆಗೆ ಅಂಥದ್ದು ಬಂದದ್ದು ಅವನ ಮಾವ ಮುದ್ದುವಿನಿಂದ. ಬಜಪೆ ಗುಡ್ಡೆಯ ಬಂಗಲೆಯಲ್ಲಿದ್ದ ಕಂಪನಿಯ ಬಿಳಿ ದೊರೆಗೆ ಮುದ್ದು ಬೇಟೆಯ ದಾರಿ ತೋರಿಸುತ್ತಿದ್ದ. ಹನ್ನೆರಡನೇ ಇಸವಿಯಲ್ಲಿ ದೊರೆ ರಜೆಗೆಂದು ಹಡಗು ಹತ್ತುವಾಗ ಹಳೆಯ ಬೆಡಿಯನ್ನು ಮುದ್ದುವಿನ ಕೈಗೆ ಕೊಟ್ಟ. ತಿರುಗಿ ಬರಲಿಲ್ಲ. ಬಾಯಿಮಾತಿನ ದಾನ, ಕಾಗದವಿಲ್ಲ. ಮುದ್ದುವಿನ ಹೆಸರಿನಲ್ಲಿ, ಅವನು ಸತ್ತ ಮೇಲೆ ಅಳಿಯ ನೋಣಯ್ಯನ ಹೆಸರಿನಲ್ಲಿ ಲೈಸೆನ್ಸು ವರ್ಷವರ್ಷ ನಡೆಯುತ್ತಿತ್ತು. ಅದರಲ್ಲಿ ಯಾರೋ ಗುಮಾಸ್ತ ಬರೆದದ್ದು ಇಷ್ಟೇ: ಒಂದು ನಳಿಗೆಯ ಬೆಡಿ ಒಂದು.

ಇತ್ತ ದೊರೆಯ ಕಂಪನಿಯವರ ಕಾಗದದಲ್ಲಿ ಆ ಬೆಡಿ ಬಂಗಲೆಯಲ್ಲೇ ಇತ್ತು. ಪಟ್ಟಿಯಿಂದ ಪಟ್ಟಿಗೆ ನಕಲು ಮಾಡುವವರು ಕಪಾಟು ತೆರೆದು ನೋಡುವುದಿಲ್ಲ. ಮೂವತ್ತನಾಲ್ಕರಲ್ಲಿ ಬಂಗಲೆಯ ಸಾಮಾನೆಲ್ಲ ಏಲಂ ಆದಾಗ ಮೋಹನದಾಸರು ಅದನ್ನು ಇಡಿಯಾಗಿ ಕೊಂಡರು. ಮೋಹನದಾಸರು ಎಂದರೆ ಹಂಚಿನ ವ್ಯಾಪಾರದಲ್ಲಿ ಎದ್ದವರು, ಹಳೆಯ ಬೆಡಿಗಳನ್ನು ಕೂಡಿಸಿ ಗೋಡೆಗೆ ತೂಗುಹಾಕುವ ಶೋಕಿಯವರು. ಪಟ್ಟಿಯಲ್ಲಿ ಲಿವರ್ ಬೆಡಿ ಉಂಟು, ಕಪಾಟಿನಲ್ಲಿ ಇಲ್ಲ. ಎರಡು ವರ್ಷ ಕಳೆದು, ಪಡೀಲಿನ ಕಳ್ಳಿನವನ ಮನೆಯಲ್ಲಿ ಅಂಥದ್ದೊಂದು ಉಂಟೆಂದು ಕಿವಿಗೆ ಬಿತ್ತು. ದೂರು ಕೊಟ್ಟರು. ಬಂಗಲೆಯಿಂದ ಕದ್ದದ್ದು ಎಂದು ಪೊಲೀಸರು ನೋಣಯ್ಯನನ್ನು ಹಿಡಿದು, ಬೆಡಿಗೆ ಅರಗಿನ ಮೊಹರು ಹಾಕಿ ಒಯ್ದರು. ಅವನ ಲೈಸೆನ್ಸು ಬೇರೆ ಯಾವುದೋ ನಾಡಬೆಡಿಯದ್ದು, ಅದನ್ನು ಮಾರಿ ತಿಂದಿದ್ದಾನೆ ಎಂದರು.

ಮೋಹನದಾಸರು ಸುಳ್ಳು ಹೇಳಿದರೆಂದು ಇಲ್ಲಿ ಯಾರೂ ಹೇಳುತ್ತಿಲ್ಲ. ಅವರು ನಂಬಿದ್ದರು. ಕಾಗದ ಸುಳ್ಳಾಡುವುದಿಲ್ಲ, ಕಳ್ಳು ಇಳಿಸುವವನು ಆಡುತ್ತಾನೆ ಎಂದು ಅವರು ನಿಜವಾಗಿಯೂ ನಂಬಿದ್ದರು. ಸುಳ್ಳನಿಗಾದರೂ ರಾತ್ರಿ ಹೆದರಿಕೆ ಇರುತ್ತದೆ. ಇಂಥ ನಂಬಿಕೆಯವರು ಸುಖವಾಗಿ ನಿದ್ದೆ ಮಾಡುತ್ತಾರೆ.

ಬೆಡಿ ಎಷ್ಟು ಹಳೆಯದು, ಯಾವ ಸ್ಥಿತಿಯಲ್ಲುಂಟು, ಪಟ್ಟಿಯಲ್ಲಿ ಬರೆದದ್ದು ಇದೇ ಹೌದಾ ಎಂದು ಕೋರ್ಟಿನಲ್ಲಿ ನೋಡಿ ಹೇಳಲು ದುಗ್ಗಪ್ಪನಿಗೆ ಸಮನ್ಸು ಬಂತು. ಅದರ ಮರುದಿನವೇ ಅಂಗಡಿಯ ಮುಂದೆ ಮೋಹನದಾಸರ ಕಾರು ನಿಂತಿತು. ಅವರು ಇಳಿಯಲಿಲ್ಲ. ದುಗ್ಗಪ್ಪನೇ ಕೈ ಒರಸಿಕೊಂಡು ಕಾರಿನ ಕಿಟಕಿಯ ಹತ್ತಿರ ಹೋದ.

“ನಿನ್ನನ್ನು ಕರೆಸ್ಲಿಕ್ಕೆ ಹೇಳಿದ್ದು ನಾನೇ ದುಗ್ಗಪ್ಪ. ಈ ಊರಲ್ಲಿ ಬೆಡಿಯ ಹೊಟ್ಟೆ ಓದುವವ ಬೇರೆ ಯಾರುಂಟು?”

“ನಿಮ್ಮ ದಯೆ ಧಣಿಗಳೇ.”

“ದಯೆ ಎಂತದ್ದು ಮಾರಾಯ, ನನಗೆ ಬೇಕಾದ್ದು ನಿಜ. ಪಟ್ಟಿಯಲ್ಲಿ ಸ್ಪಷ್ಟ ಉಂಟು. ಅಮೇರಿಕದ ಲಿವರ್ ಬೆಡಿ ಒಂದು, ಎಲ್ಲಾ ಭಾಗ ಕಾರ್ಖಾನೆಯದ್ದೇ, ರಿಪೇರಿ ಆಗದ್ದು. ನೀನು ನೋಡಿ ಅದನ್ನೇ ಹೇಳಿದ್ರೆ ಆಯ್ತು.”

“ನೋಡಿ ಹೇಳುದಾ, ಅದನ್ನೇ ಹೇಳುದಾ?”

ಮೋಹನದಾಸರು ನಕ್ಕರು. “ನೋಡಿದ್ರೆ ಅದನ್ನೇ ಹೇಳ್ತಿ. ನನ್ನ ಗೋಡೆಯಲ್ಲಿ ಹನ್ನೊಂದು ಉಂಟು, ಇದು ಹನ್ನೆರಡನೆಯದ್ದು. ಆಮೇಲೆ ಹನ್ನೆರಡರ ಎಣ್ಣೆ ಪಾಲಿಶು ಎಲ್ಲ ನಿನ್ನ ಕೈಗೇ.”

ಕಾರು ಹೋಯಿತು. ದುಗ್ಗಪ್ಪ ಒಳಗೆ ಬಂದು ಸ್ಟೂಲಿನ ಮೇಲೆ ಕೂತ. ಆ ಬೆಡಿಯ ಹೊಟ್ಟೆ ಅವನಿಗೆ ಓದಬೇಕಾಗಿಯೇ ಇರಲಿಲ್ಲ. ಹತ್ತು ವರ್ಷದ ಹಿಂದೆ ಅದರ ಒಂದು ಸಾಲು ಬರೆದವನು ಅವನೇ.

ಇಪ್ಪತ್ತಾರರ ಸುಗ್ಗಿ ಬೆಳೆಯ ಕಾಲದಲ್ಲಿ ನೋಣಯ್ಯ ಆ ಬೆಡಿಯನ್ನು ಗೋಣಿಯಲ್ಲಿ ಸುತ್ತಿ ತಂದಿದ್ದ. ಲಿವರನ್ನು ಬಿಗಿ ಹಿಡಿಯುವ ಒಳಗಿನ ಸ್ಪ್ರಿಂಗು ಎರಡು ತುಂಡಾಗಿತ್ತು. ಬಳೆ ಜೋತುಬಿದ್ದು ಬೆಡಿ ಮುಚ್ಚುತ್ತಿರಲಿಲ್ಲ. ಗದ್ದೆಗೆ ದಿನಾ ಹಂದಿ ಬೀಳುತ್ತಿತ್ತು. ಆದರೆ ದುಗ್ಗಪ್ಪನ ಲೈಸೆನ್ಸು ನವೀಕರಣಕ್ಕೆಂದು ಕಚೇರಿಗೆ ಹೋದದ್ದು ಒಂದೂವರೆ ತಿಂಗಳಾದರೂ ಬಂದಿರಲಿಲ್ಲ. ಅಷ್ಟು ದಿನ ಬೆಡಿ ಮುಟ್ಟುವ ಹಕ್ಕು ಅವನಿಗಿಲ್ಲ. ನೋಣಯ್ಯ ಬಾಗಿಲಲ್ಲಿ ನಿಂತೇ ಇದ್ದ. “ಅರ್ಧ ಗದ್ದೆ ಹೋಯ್ತು ದುಗ್ಗಣ್ಣ” ಎಂದ. ಅಷ್ಟೇ. ದುಗ್ಗಪ್ಪ ಬಾಗಿಲು ಹಾಕಿ ಕೂತ. ಮರ ಕೊಯ್ಯುವ ಹಳೆಯ ಗರಗಸದ ಅಲಗಿನಿಂದ ಒಂದು ಪಟ್ಟಿ ಕತ್ತರಿಸಿ, ಅರೆದು, ಹದ ಕೊಟ್ಟು ಹೊಸ ಸ್ಪ್ರಿಂಗು ಮಾಡಿದ. ಪುಸ್ತಕದಲ್ಲಿ ಬರೆಯಲಿಲ್ಲ. ಬರೆದರೆ ಲೈಸೆನ್ಸಿಲ್ಲದೆ ಮಾಡಿದ್ದು ಗೊತ್ತಾಗುತ್ತದೆ. ಅವನ ಜೀವನದಲ್ಲಿ ಪುಸ್ತಕಕ್ಕೆ ಸೇರದ ರಿಪೇರಿ ಅದೊಂದೇ.

ಈಗ ಆ ಸ್ಪ್ರಿಂಗಿನ ಮೇಲೆ ನೋಣಯ್ಯನ ತಲೆ ನಿಂತಿತ್ತು. ಇಪ್ಪತ್ತಾರರಲ್ಲೇ ಬೆಡಿ ನೋಣಯ್ಯನ ಕೈಯಲ್ಲಿತ್ತು ಎಂದಾದರೆ ಮೂವತ್ತನಾಲ್ಕರ ಏಲಂ ಪಟ್ಟಿಯಲ್ಲಿದ್ದದ್ದನ್ನು ಅದರ ಮೇಲೆ ಕದಿಯುವುದು ಹೇಗೆ? ಲೈಸೆನ್ಸು ಬೇರೆ ಬೆಡಿಯದ್ದೆನ್ನುವ ಮಾತೂ ಬೀಳುತ್ತದೆ. ಆದರೆ ಹಾಗೆ ಹೇಳಬಲ್ಲವನು ಒಬ್ಬನೇ, ಮತ್ತು ಹೇಳಿದರೆ ಅವನ ಲೈಸೆನ್ಸು ಹೋಗುತ್ತದೆ.

ಭಾನುವಾರ ಮಧ್ಯಾಹ್ನ ನೋಣಯ್ಯನ ತಂಗಿ ದೇಯಿ ಪಡೀಲಿನಿಂದ ನಡೆದು ಉರ್ವಕ್ಕೆ ಬಂದಳು. ಜಗಲಿಯಲ್ಲಿ ಕೂರಲಿಲ್ಲ, ಬಾಗಿ ಕೊಟ್ಟ ನೀರನ್ನು ನಿಂತೇ ಕುಡಿದಳು. ಬಾಗಿ ದುಗ್ಗಪ್ಪನ ಹೆಂಡತಿ.

“ಅಣ್ಣನನ್ನು ನೋಡಿ ಬಂದೆ, ದುಗ್ಗಣ್ಣ. ಮಾತೊಂದು ಹೇಳಿ ಕಳಿಸಿದ್ದಾನೆ.”

“ಎಂತ ಹೇಳಿದ?”

“ಹೆದರ್ಬೇಡಿ ಅಂತ ಹೇಳಿದ.”

ದುಗ್ಗಪ್ಪನಿಗೆ ಅರ್ಥವಾಗಲಿಲ್ಲ. ಜೈಲಿಗೆ ಹೋಗುವವನು ಹೊರಗಿರುವವನಿಗೆ ಧೈರ್ಯ ಹೇಳುವುದೆಂದರೇನು?

“ಬೆಡಿ ಯಾವಾಗಾದ್ರೂ ರಿಪೇರಿ ಮಾಡಿಸಿದ್ದುಂಟಾ, ಯಾರ ಹತ್ರ, ಅಂತ ಇನ್‌ಸ್ಪೆಕ್ಟರು ಮೂರು ಸಲ ಕೇಳಿದ್ರಂತೆ” ಎಂದಳು ದೇಯಿ. “ಯಾರ ಹತ್ರವೂ ಇಲ್ಲ ಅಂದನಂತೆ. ಹೊಡೆದ್ರೂ ಅದನ್ನೇ ಹೇಳಿದನಂತೆ. ಆ ದಿನ ನಮ್ಮ ಗದ್ದೆಗೋಸ್ಕರ ನೀವು ಬಾಗಿಲು ಹಾಕಿ ಕೂತದ್ದಲ್ವಾ? ನಿಮ್ಮ ಹೆಸರು ಅವನ ಬಾಯಿಂದ ಬರುದಿಲ್ಲ. ನೀವೂ ಹೇಳ್ಬೇಡಿ. ಅದನ್ನು ಹೇಳ್ಲಿಕ್ಕೇ ಬಂದದ್ದು ನಾನು.”

ಬಿಸಿಲಿಗೆ ಸೆರಗು ತಲೆಗೆಳೆದುಕೊಂಡು ಅವಳು ಹೊರಟಳು. ಅವಳು ಅತ್ತು ಬೇಡಿಕೊಂಡಿದ್ದರೆ ದುಗ್ಗಪ್ಪ ಏನಾದರೂ ನೆಪ ಹುಡುಕಿ ತಪ್ಪಿಸಿಕೊಳ್ಳುತ್ತಿದ್ದನೋ ಏನೋ. ಬೇಡ ಎಂದು ಹೋದಳು. ಹಾಗೆ ಹೋದವರಿಂದ ತಪ್ಪಿಸಿಕೊಳ್ಳುವುದು ಕಷ್ಟ.

ಬಾಗಿ ಅಡುಗೆಮನೆಯ ಹಿಂದೆ ಬಂಗುಡೆ ಕೊಯ್ಯುತ್ತಿದ್ದಳು, ಅದೇ ಗರಗಸದಿಂದ ಉಳಿದ ತುಂಡಿನಲ್ಲಿ. ಹತ್ತು ವರ್ಷದಿಂದ ಆ ಮನೆಯ ಮೀನಿನ ಕತ್ತಿ ಅದು. ತಲೆಯೆತ್ತದೆ ಹೇಳಿದಳು:

“ನಿಮ್ಮ ಮುಖ ನೋಡಿದ್ರೆ ಗೊತ್ತಾಗ್ತದೆ. ಹೇಳ್ಲಿಕ್ಕೆ ಹೋಗ್ತೀರಿ ನೀವು.”

“ನಾನು ಎಂತದ್ದೂ ಹೇಳ್ಲಿಲ್ಲಲ್ಲ.”

“ಅದೇ ಹೇಳಿದ್ದು. ಲೈಸೆನ್ಸು ಹೋದ್ರೆ ಮನೆಯಲ್ಲಿ ಎಂತ ತಿನ್ನುದು? ಸ್ಪ್ರಿಂಗಾ? ಹುಳಿ ಹಾಕಿ ಸಾರು ಮಾಡ್ತೇನೆ, ನೀವೇ ತಿನ್ನಿ.”

“ಅವನು ಹೊಡೆತ ತಿಂದಿದ್ದಾನೆ ಬಾಗೀ.”

ಬಾಗಿ ಮೀನಿನ ತಲೆಯನ್ನು ಬೇಕಾದದ್ದಕ್ಕಿಂತ ಜೋರಾಗಿ ಕಡಿದಳು.

ಸೋಮವಾರ ಗುಡ್ಡೆಯ ಮೇಲಿನ ಕೋರ್ಟು ತುಂಬಿತ್ತು. ಮುಂದಿನ ಬೆಂಚಿನಲ್ಲಿ ಮೋಹನದಾಸರು, ಕಟಕಟೆಯಲ್ಲಿ ಒಂದು ಕಣ್ಣು ಬಾತ ನೋಣಯ್ಯ. ಮ್ಯಾಜಿಸ್ಟ್ರೇಟರು ಮದ್ರಾಸಿನ ಕಡೆಯವರು, ಇಲ್ಲಿನ ಮಾತು ಅರ್ಧ ಬರುತ್ತಿತ್ತು. ಉಳಿದರ್ಧವನ್ನು ಕೋರ್ಟಿನ ಗುಮಾಸ್ತ ಅಲ್ಫೋನ್ಸ್ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಎಲ್ಲರೆದುರು ಮೊಹರು ಒಡೆದು ಬೆಡಿಯನ್ನು ಮೇಜಿನ ಮೇಲಿಟ್ಟರು.

ದುಗ್ಗಪ್ಪ ಹೆಗಲಿನ ಬಿಳಿ ವಸ್ತ್ರ ತೆಗೆದು ಮೇಜಿನ ಮೇಲೆ ಹಾಸಿ, ಬೆಡಿಯನ್ನು ಅದರ ಮೇಲೆ ಮಲಗಿಸಿದ. ಮೊದಲು ಮುಟ್ಟದೆ ನೋಡಿದ. ಆಮೇಲೆ ಲಿವರ್ ಎಳೆದು ಒಳಗೆ ತೋಟೆ ಇಲ್ಲವೆಂದು ಬೆರಳಿಟ್ಟು ಖಚಿತಮಾಡಿಕೊಂಡ. ಅಲ್ಲೇ ತನ್ನ ಹೆಬ್ಬೆರಳಿನ ಉಗುರನ್ನು ಹಿಡಿದ. ಉಗುರಿಗೆ ಬಿದ್ದ ಕಿಟಕಿಯ ಬೆಳಕು ನಳಿಗೆಯೊಳಗೆ ಹೋಯಿತು. ಇನ್ನೊಂದು ತುದಿಯಿಂದ ಕಣ್ಣಿಟ್ಟ.

“ನಳಿಗೆಯೊಳಗೆ ಗುಂಡು ತಿರುಗಿಸುವ ಸುತ್ತುಗೀರು ಜೀವಂತ ಉಂಟು. ಬಾಯಿಯ ಹತ್ರ ಸ್ವಲ್ಪ ಸವೆದದ್ದು. ಗುಂಡು ಹೊಡೆದಲ್ಲ, ಕೋಲು ಹಾಕಿ ಒರಸಿ ಒರಸಿ. ಒಳಗೆ ತುಕ್ಕಿನ ಹೊಂಡ ಇಲ್ಲ.”

ಅಲ್ಫೋನ್ಸ್ ಹೇಳಿದ, ಮ್ಯಾಜಿಸ್ಟ್ರೇಟರು ಬರೆದುಕೊಂಡರು.

ದುಗ್ಗಪ್ಪ ಹೊರಮೈಯ ಮೇಲೆ ಬೆರಳಾಡಿಸಿದ. ಕುದುರೆಯನ್ನು ಅರ್ಧಕ್ಕೆ ನಿಲ್ಲಿಸಿ ಅದು ಜಾರುತ್ತದೋ ಎಂದು ಒತ್ತಿ ನೋಡಿದ. ಹಿಡಿಯ ಮರಕ್ಕೂ ಕಬ್ಬಿಣಕ್ಕೂ ನಡುವೆ ಉಗುರು ಹೋಗುತ್ತದೋ ಎಂದು ನೋಡಿದ, ಹೋಗಲಿಲ್ಲ. “ಮರ ಮೊದಲಿನದ್ದೇ. ಸಂದಿಯಲ್ಲಿ ತೆಂಗಿನೆಣ್ಣೆಯ ಜಿಗುಟು ಉಂಟು. ಬೆಡಿಗೆ ಹಾಕುವ ಎಣ್ಣೆ ಅಲ್ಲ ಅದು. ಹಾಕಿದ ದಿನ ಚಂದ, ವರ್ಷ ಹೋದ್ರೆ ಹಲಸಿನ ಮೇಣ.” ಆಮೇಲೆ ಪಕ್ಕದ ತಗಡಿನ ಮೇಲೆ ಬೆರಳು ನಿಂತಿತು. “ಇಲ್ಲಿ ಮೂರು ಹೊಂಡ ಉಂಟು ಸ್ವಾಮಿ. ಒಂದೇ ಅಂತರದಲ್ಲಿ, ಒಂದೇ ಗಾತ್ರದಲ್ಲಿ.”

“ಎಂತದ್ದು ಅದು?” ಪೊಲೀಸರ ಪರ ಕೇಸು ನಡೆಸುತ್ತಿದ್ದ ಇನ್‌ಸ್ಪೆಕ್ಟರು ಎದ್ದರು.

“ಗಂಧ ಕುಂಕುಮ ಇಟ್ಟ ಜಾಗ. ಆಯುಧ ಪೂಜೆಗೆ ಒದ್ದೆ ಬೊಟ್ಟು ಇಡ್ತಾರೆ, ಒರಸುದಿಲ್ಲ. ಒರಸಿದ್ರೆ ದೋಷ ಅಂತ. ಉಪ್ಪು ಗಾಳಿಗೆ ಅದು ಕಬ್ಬಿಣ ತಿಂತದೆ. ಇಷ್ಟು ಆಳ ಒಂದೆರಡು ನವರಾತ್ರಿಯಲ್ಲಿ ಆಗುದಿಲ್ಲ. ಹತ್ತಿಪ್ಪತ್ತು ಬೇಕು.”

ಕಟಕಟೆಯಲ್ಲಿ ನೋಣಯ್ಯ ತಲೆಯೆತ್ತಿದ. ಇನ್‌ಸ್ಪೆಕ್ಟರು ಬಿಡಲಿಲ್ಲ.

“ಆಯುಧ ಪೂಜೆ ಪಡೀಲಲ್ಲಿ ಮಾತ್ರ ಮಾಡುದಾ? ದೊರೆಯ ಬಂಗಲೆಯ ಬಟ್ಲರನೂ ನಮ್ಮ ಊರಿನವನೇ. ಅವನು ಇಟ್ಟದ್ದಲ್ಲ ಅಂತ ಹೇಗೆ ಹೇಳ್ತಿ?”

ದುಗ್ಗಪ್ಪ ತಗಡಿನಿಂದ ಬೆರಳು ತೆಗೆದ. ಆ ಮಾತು ಸರಿಯೇ ಇತ್ತು. ಕುಂಕುಮಕ್ಕೆ ಮನೆಯ ಹೆಸರಿಲ್ಲ.

“ತಿರುಪುಗಳು ಹೇಗುಂಟು?” ಎಂದರು ಇನ್‌ಸ್ಪೆಕ್ಟರು.

“ಒಂದರ ತಲೆಯಲ್ಲೂ ಗೀರಿಲ್ಲ.”

“ಅಂದ್ರೆ ಯಾರೂ ಬಿಚ್ಚಲಿಲ್ಲ. ಎಲ್ಲಾ ಭಾಗ ಕಾರ್ಖಾನೆಯದ್ದೇ, ರಿಪೇರಿ ಆಗದ್ದು. ಪಟ್ಟಿಯಲ್ಲಿ ಇದ್ದ ಹಾಗೆಯೇ. ಹೌದಾ?”

ಮೋಹನದಾಸರು ಬೆಂಚಿನಲ್ಲಿ ಒರಗಿ ಕೂತರು. ದುಗ್ಗಪ್ಪ ಇಷ್ಟಕ್ಕೇ ಮುಗಿಸಿ ಮನೆಗೆ ಹೋಗಬಹುದಿತ್ತು. ಯಾರೂ ಪಕ್ಕದ ತಗಡು ಬಿಚ್ಚು ಎಂದು ಹೇಳಿರಲಿಲ್ಲ. ಗೀರಿಲ್ಲದ ತಿರುಪುಗಳು ಅವನ ಪರವಾಗಿ ಆಗಲೇ ಸುಳ್ಳು ಹೇಳಿ ಆಗಿತ್ತು. ಹೂಂ ಎಂದರೆ ಸಾಕು, ಹನ್ನೆರಡು ಬೆಡಿಯ ಪಾಲಿಶು, ದೊಡ್ಡವರ ಒಲವು, ಮನೆಯಲ್ಲಿ ಬಂಗುಡೆಯ ಸಾರು. ಅವನು ನೋಣಯ್ಯನ ಕಡೆ ನೋಡಿದ. ನೋಣಯ್ಯ ಯಾರಿಗೂ ಕಾಣದಷ್ಟು ತಲೆಯಾಡಿಸಿದ, ಬೇಡ ಎಂದು.

“ಹೌದಾ ಅಂತ ಕೇಳಿದ್ದು!”

“ಅಲ್ಲ” ಎಂದ ದುಗ್ಗಪ್ಪ.

“ಎಂತ ಅಲ್ಲ?”

“ಒಂದು ಭಾಗ ಕಾರ್ಖಾನೆಯದ್ದಲ್ಲ. ಈ ತಗಡಿನ ಹಿಂದೆ ಲಿವರಿನ ಸ್ಪ್ರಿಂಗು ಉಂಟು. ಅದು ಮರ ಕೊಯ್ಯುವ ಗರಗಸದ ಅಲಗಿನದ್ದು. ಒಂದು ಅಂಚಿನಲ್ಲಿ ಹಲ್ಲಿನ ಬುಡದ ತಗ್ಗು ಉಳಿದಿದೆ, ಅರ್ಧಚಂದ್ರದ ಹಾಗೆ, ಅಕ್ಕಿಕಾಳಿಗಿಂತ ಸಣ್ಣದು. ಅದನ್ನು ಅರೆದು ತೆಗೆದ್ರೆ ಸ್ಪ್ರಿಂಗು ತೆಳು ಆಗ್ತಿತ್ತು, ಅದಕ್ಕೆ ಬಿಟ್ಟದ್ದು.”

ಅಲ್ಫೋನ್ಸ್ ಇಂಗ್ಲಿಷಿಗೆ ತಿರುಗಿಸಲು ಬಾಯಿ ತೆರೆದವನು ಅರ್ಧದಲ್ಲೇ ನಿಂತ. ತುಳುವಿನಲ್ಲಿ ಮೆಲ್ಲಗೆ ಕೇಳಿದ: “ದುಗ್ಗಪ್ಪಾ, ಇದನ್ನು ನಾನು ಹೇಳ್ಬೇಕಾ? ಯೋಚನೆ ಮಾಡು ಮಾರಾಯ. ಹೇಳಿದ ಮೇಲೆ ಹಿಂದೆ ತೆಗೀಲಿಕ್ಕಾಗುದಿಲ್ಲ.”

“ಹೇಳಿ ಅಲ್ಫೋನ್ಸಣ್ಣ.”

ಮ್ಯಾಜಿಸ್ಟ್ರೇಟರು ಕೇಳಿ ಪೆನ್ನು ಕೆಳಗಿಟ್ಟರು. ಹಿಡಿದ ದಿನದಿಂದ ಮೊಹರಿನಲ್ಲಿದ್ದ ಬೆಡಿ, ಈಗಷ್ಟೇ ಬಿಚ್ಚಿದ್ದು, ತಗಡು ಇನ್ನೂ ಮುಚ್ಚಿಯೇ ಇದೆ. ಒಳಗಿನದ್ದು ಇವನಿಗೆ ಹೇಗೆ ಗೊತ್ತು?

“ನಾನೇ ಮಾಡಿದ್ದು ಸ್ವಾಮಿ. ಇಪ್ಪತ್ತಾರನೇ ಇಸವಿ, ಸುಗ್ಗಿಯ ಸಮಯ. ತಂದದ್ದು ಈ ನೋಣಯ್ಯ.”

ಕೋರ್ಟಿನಲ್ಲಿ ಗದ್ದಲವೆದ್ದಿತು. “ಯಾಕೆ ಹೇಳಿದ್ದು ದುಗ್ಗಣ್ಣ!” ಎಂದು ನೋಣಯ್ಯ ಕೂಗಿದ. ಪೊಲೀಸನೊಬ್ಬ ಅವನ ಭುಜಕ್ಕೆ ಗುದ್ದಿ ಸುಮ್ಮನಿರಿಸಿದ. ಮೋಹನದಾಸರು ಎದ್ದು ನಿಂತಿದ್ದರು.

ಮ್ಯಾಜಿಸ್ಟ್ರೇಟರ ಅಪ್ಪಣೆಯಂತೆ ದುಗ್ಗಪ್ಪ ಚೀಲದಿಂದ ತಿರುಪುಳಿಯೊಂದನ್ನು ಆರಿಸಿದ. ಜೀವನದಲ್ಲಿ ಮೊದಲ ಸಲ ತಿರುಪುಳಿ ಸೀಳಿನಿಂದ ಜಾರಿ, ತಿರುಪಿನ ತಲೆಯ ಮೇಲೆ ಒಂದು ಬಿಳಿ ಗೀರು ಬಿತ್ತು. ಅವನು ಆ ಗೀರನ್ನು ಒಂದು ಕ್ಷಣ ನೋಡಿದ, ತಿರುಗಿ ಬಿಗಿಹಿಡಿದು ತಗಡು ತೆಗೆದ. ಸ್ಪ್ರಿಂಗಿನ ಮೇಲೆ ತೆಂಗಿನೆಣ್ಣೆ ಒಣಗಿ ಕಂದು ಬಣ್ಣದ ಗಟ್ಟಿ ಮೇಣವಾಗಿತ್ತು. ಉಗುರಿನಿಂದ ಕೆರೆದರೆ ಹೋಗಲಿಲ್ಲ, ಚೂರಿಯ ಮೊನೆ ಬೇಕಾಯಿತು. ಪದರ ಪದರವಾಗಿ ಎದ್ದ ಮೇಣದ ಕೆಳಗೆ, ನೀಲಿ ಉಕ್ಕಿನ ಅಂಚಿನಲ್ಲಿ, ಅರ್ಧಚಂದ್ರವಿತ್ತು. ಮ್ಯಾಜಿಸ್ಟ್ರೇಟರು ಕನ್ನಡಕ ಮೇಲಕ್ಕೇರಿಸಿ ಬಗ್ಗಿ ನೋಡಿದರು.

ಇನ್‌ಸ್ಪೆಕ್ಟರು ಕೊನೆಯ ದಾರಿ ಹಿಡಿದರು. “ಮಾಡಿದ್ದು ನೀನೇ ಇರಬಹುದು. ಕಳೆದ ವರ್ಷ ಮಾಡಿದ್ದನ್ನು ಹತ್ತು ವರ್ಷ ಅಂತ ಹೇಳ್ತಿದ್ದಿ.”

“ನನ್ನ ಮಾತು ಬೇಡ, ಆ ಮೇಣ ನೋಡಿ. ಒಂದು ವರ್ಷದಲ್ಲಿ ಹಾಗೆ ಕಟ್ಟುದಿಲ್ಲ, ಯಾವ ಅಡುಗೆಮನೆಯ ಹಳೇ ಎಣ್ಣೆಪಾತ್ರೆ ತಂದ್ರೂ ಹೇಳ್ತದೆ. ಮತ್ತೆ, ತುಂಡಾದ ಹಳೇ ಸ್ಪ್ರಿಂಗು ನನ್ನ ಮನೆಯಲ್ಲಿ ತಗಡಿನ ಡಬ್ಬಿಯಲ್ಲುಂಟು. ಈ ತಗಡಿನ ಒಳಬದಿಯಲ್ಲಿ ಕಾರ್ಖಾನೆಯವರು ಮೂರು ಚುಕ್ಕೆ ಹೊಡೆದಿದ್ದಾರೆ, ಜೋಡಿ ತಪ್ಪಬಾರದು ಅಂತ. ಆ ಸ್ಪ್ರಿಂಗಿನಲ್ಲೂ ಮೂರೇ ಚುಕ್ಕೆ.”

ಒಬ್ಬ ಪೊಲೀಸನನ್ನು ಉರ್ವಕ್ಕೆ ಓಡಿಸಿದರು. ಒಂದು ಗಂಟೆ ಯಾರೂ ಕೋರ್ಟು ಬಿಟ್ಟು ಹೋಗಲಿಲ್ಲ. ದುಗ್ಗಪ್ಪ ಬಿಚ್ಚಿದ ಬೆಡಿಯ ಹತ್ತಿರ ನಿಂತೇ ಇದ್ದ. ಬಾಗಿ ಡಬ್ಬಿ ಇಲ್ಲವೆಂದರೆ? ಅವಳು ಹಾಗೆ ಹೇಳಿದರೆ ತಪ್ಪೆನ್ನಲು ಅವನಿಗೆ ಬಾಯಿ ಇರಲಿಲ್ಲ. ಎರಡು ಹೆಣ್ಣುಮಕ್ಕಳ ಮನೆ ಅದು.

ಪೊಲೀಸ ಬೆವರಿಕೊಂಡು ಬಂದ. ಕೈಯಲ್ಲಿ ಡಬ್ಬಿಯಿತ್ತು, ಜೊತೆಗೆ ಬಾಳೆಲೆಯಲ್ಲಿ ಸುತ್ತಿದ ಉದ್ದನೆಯ ಒಂದು ವಸ್ತು.

“ಇದು ಎಂತ?” ಎಂದರು ಇನ್‌ಸ್ಪೆಕ್ಟರು.

“ಇವನ ಹೆಂಡತಿ ಕೊಟ್ಟದ್ದು. ಇದೂ ಬೇಕಾಗ್ಬಹುದು, ತೆಕ್ಕೊಂಡು ಹೋಗು ಅಂದ್ಲು.”

ಬಾಳೆಲೆ ಬಿಚ್ಚಿದಾಗ ಮೀನಿನ ವಾಸನೆ ಕೋರ್ಟಿಗೆಲ್ಲ ಹರಡಿತು. ಮ್ಯಾಜಿಸ್ಟ್ರೇಟರು ಮೂಗಿಗೆ ಕರವಸ್ತ್ರ ಹಿಡಿದರು. ಬಾಗಿಯ ಮೀನಿನ ಕತ್ತಿ, ಗರಗಸದ ಉಳಿದ ತುಂಡು. ಒಂದು ಬದಿಯಲ್ಲಿ ಸ್ಪ್ರಿಂಗಿನಷ್ಟೇ ಉದ್ದಕ್ಕೆ ಪಟ್ಟಿ ಕತ್ತರಿಸಿ ತೆಗೆದ ಜಾಗ, ಅದರ ಅಂಚಿನಲ್ಲಿ ಅಂಥವೇ ಅರ್ಧಚಂದ್ರಗಳ ಸಾಲು. ಡಬ್ಬಿಯಲ್ಲಿ ಮುರಿದ ಸ್ಪ್ರಿಂಗು. ಅದರ ಮೇಲೆ ಮೂರು ಚುಕ್ಕೆ.

“ಇಪ್ಪತ್ತಾರರ ನಿನ್ನ ಪುಸ್ತಕದಲ್ಲಿ ಈ ರಿಪೇರಿ ಬರೆದಿದೆಯೋ?” ಎಂದು ಮ್ಯಾಜಿಸ್ಟ್ರೇಟರು ಕೇಳಿದರು. ಕೇಳುವಾಗ ಅವರ ದನಿ ತಗ್ಗಿತ್ತು, ಉತ್ತರ ಅವರಿಗೆ ಮೊದಲೇ ಗೊತ್ತಿದ್ದಂತೆ.

“ಇಲ್ಲ ಸ್ವಾಮಿ. ಆಗ ಲೈಸೆನ್ಸು ಕಚೇರಿಯಲ್ಲಿತ್ತು.”

“ಇದರ ಫಲ ನಿನಗೆ ಗೊತ್ತೋ?”

“ಗೊತ್ತುಂಟು.”

ಹದಿನೈದು ದಿನ ಕಳೆದು ನೋಣಯ್ಯನ ಬಿಡುಗಡೆಯಾಯಿತು. ತನ್ನ ಅನ್ನಕ್ಕೆ ಎರವಾಗುವ ಸುಳ್ಳನ್ನು ಯಾರೂ ಹೇಳುವುದಿಲ್ಲ ಎಂದು ಮ್ಯಾಜಿಸ್ಟ್ರೇಟರು ತೀರ್ಪಿನಲ್ಲಿ ಬರೆದರು. ಬೆಡಿಯನ್ನು ನೋಣಯ್ಯನಿಗೆ ಕೊಡಿಸಿದರು. ಅದೇ ತಿಂಗಳಲ್ಲಿ ದುಗ್ಗಪ್ಪನ ಲೈಸೆನ್ಸು ರದ್ದಾಯಿತು, ಇನ್ನು ಮುಂದೆ ಅವನು ಬೆಡಿಗೆ ಕೈ ಹಾಕಬಾರದೆಂದು ಆಜ್ಞೆ ಬಂತು. ಒಂದೊಂದು ತಿರುಪಿಗೂ ಅರೆದಿಟ್ಟ ತಿರುಪುಳಿಗಳನ್ನು ಪೊಲೀಸರು ಗೋಣಿಯಲ್ಲಿ ತುಂಬಿಕೊಂಡು ಹೋದರು. ಸ್ಟೇಶನ್ನಿನ ಮೂಲೆಯಲ್ಲಿ ಅವು ತುಕ್ಕು ಹಿಡಿದವು. ಕಾನೂನು ಎಂದರೆ ಕಾನೂನು, ಸರಿ. ಆದರೆ ಒಂದೂವರೆ ತಿಂಗಳು ಲೈಸೆನ್ಸಿನ ಮೇಲೆ ಕೂತ ಗುಮಾಸ್ತನಿಗೆ ಎಂತ ಆಯಿತು? ಲಾಕಪ್ಪಿನಲ್ಲಿ ನೋಣಯ್ಯನ ಕಣ್ಣು ಬಾತುಕೊಳ್ಳುವ ಹಾಗೆ ಹೊಡೆದ ಕೈಗೆ ಎಂತ ಆಯಿತು? ಕಪಾಟು ತೆರೆಯದೆ ಪಟ್ಟಿ ನಕಲು ಮಾಡಿದವರಿಗೆ? ಎಂತದ್ದೂ ಆಗಲಿಲ್ಲ. ಈ ಕತೆಯಲ್ಲಿ ಶಿಕ್ಷೆಯಾದದ್ದು ನಿಜ ಹೇಳಿದವನೊಬ್ಬನಿಗೆ.

ಮೋಹನದಾಸರ ಕಾರು ಇನ್ನೊಮ್ಮೆ ಅಂಗಡಿಯ ಮುಂದೆ ನಿಂತಿತ್ತು. “ನನಗೆ ಗೊತ್ತಿರ್ಲಿಲ್ಲ ದುಗ್ಗಪ್ಪ, ಸತ್ಯ ಹೇಳ್ತೇನೆ” ಎಂದರು. ಪಾಪ ಎನಿಸುವಷ್ಟು ಮೆತ್ತಗೆ ಹೇಳಿದರು. “ಇಲ್ಲದಿದ್ರೆ ಅವನ ಹತ್ರ ಕ್ರಯಕ್ಕೇ ಕೇಳ್ತಿದ್ದೆ. ಈಗ ಬೇಡ. ರಿಪೇರಿ ಆದ ಬೆಡಿ ಗೋಡೆಗೆ ಆಗುದಿಲ್ಲ.”

“ಹೌದು ಧಣಿಗಳೇ, ಗೋಡೆಗೆ ಆಗುದಿಲ್ಲ. ಹಂದಿಗೆ ಆಗ್ತದೆ” ಎಂದನಂತೆ ದುಗ್ಗಪ್ಪ.

ಆ ಮೇಲಿನ ಬದುಕು ಕೊಡೆ, ಬೀಗ, ಹೊಲಿಗೆ ಮೆಶಿನು. ಮೊದಲ ವರ್ಷ ಗಂಜಿಗೆ ತತ್ವಾರವಾದಾಗ ಬಾಗಿ ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದಳು, ಇವತ್ತು ಸ್ಪ್ರಿಂಗಿನ ಸಾರಾ, ಪಲ್ಯವಾ ಎಂದು. ಕೋರ್ಟಿನಿಂದ ತನ್ನ ಮೀನಿನ ಕತ್ತಿ ತಿರುಗಿ ಬರಲಿಲ್ಲವೆಂದು ಅವಳಿಗೆ ಇಂದಿಗೂ ಸಿಟ್ಟು. ಅದನ್ನು ಕೊಟ್ಟು ಕಳಿಸಿದ್ದು ಯಾಕೆಂದು ಕೇಳಿದರೆ ಮಾತು ಬದಲಿಸುತ್ತಾಳೆ.

ಈ ವರ್ಷ ನವರಾತ್ರಿ ಮುಗಿದ ಮರುವಾರ, ನೋಣಯ್ಯ ಲೈಸೆನ್ಸನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಡಿಯೊಂದಿಗೆ ಉರ್ವದ ಮನೆಗೆ ಬಂದಿದ್ದ. ಪಕ್ಕದ ತಗಡಿನಲ್ಲಿ ಮೂರು ಬೊಟ್ಟು ಕುಂಕುಮ ಹಾಗೇ ಇತ್ತು. ಲಿವರು ತುಸು ಜೋತುಬಿದ್ದಿತ್ತು.

“ಒರಸು ಅಂತ ಎಷ್ಟು ಸಲ ಹೇಳುದು ನಿನಗೆ?” ಎಂದು ದುಗ್ಗಪ್ಪ ಬೈದ.

“ದೋಷ ಅಲ್ವಾ ದುಗ್ಗಣ್ಣ.”

“ದೋಷ ಅಲ್ಲ, ತುಕ್ಕು. ಇಲ್ಲಿ ಕೂತ್ಕೊ. ನಾನು ಮುಟ್ಲಿಕ್ಕಿಲ್ಲ.”

ಜಗಲಿಯಲ್ಲಿ ಚಾಪೆಯ ಮೇಲೆ ಬೆಡಿಯನ್ನು ಮಲಗಿಸಿ ನೋಣಯ್ಯ ಕೂತ, ಹೊಲಿಗೆ ಮೆಶಿನಿನ ತಿರುಪುಳಿ ಹಿಡಿದು. ದುಗ್ಗಪ್ಪ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಎದುರು ಕೂತ. ಕೈಗಳನ್ನು ಹಾಗೆ ಒತ್ತಿಹಿಡಿಯದಿದ್ದರೆ ಅವು ತಾವಾಗಿ ಮುಂದೆ ಹೋಗುತ್ತವೆ.

“ಎಡಕ್ಕೆ. ಮೆಲ್ಲಗೆ. ಸೀಳಿನಲ್ಲಿ ಪೂರ್ತಿ ಕೂರ್ಲಿ, ಆಮೇಲೆ ತಿರುಗಿಸು. ನಿನ್ನ ತಾಳೆಮರ ಅಲ್ಲ ಅದು, ಕೆತ್ಲಿಕ್ಕೆ!”

ತಿರುಪಿನ ತಲೆಯ ಮೇಲೆ ಕೋರ್ಟಿನ ಆ ಒಂದು ಗೀರು ಇನ್ನೂ ಇತ್ತು. ನೋಣಯ್ಯ ಅದರ ಮೇಲೆ ಹೆಬ್ಬೆರಳಿಟ್ಟ. “ಇದೊಂದು ಉಂಟಲ್ಲ ದುಗ್ಗಣ್ಣ, ಇದನ್ನು ಅರೆದು ತೆಗೀಬಹುದಾ?”

ದುಗ್ಗಪ್ಪ ಬಗ್ಗಿ ನೋಡಿದ. ಕೈ ತೊಡೆಯ ಕೆಳಗೇ ಇತ್ತು.

“ಬೇಡ, ಅದು ಅಲ್ಲೇ ಇರ್ಲಿ” ಎಂದ. “ನೀನು ಎಡಕ್ಕೆ ತಿರುಗಿಸು.”